ಜರ್ಮನ್ ಗಾಡಿಯ ತಳ ಕೆರೆದ ಹದಿಮೂರು ದಿನ

ವಾಡಿಯ ನನ್ನ ಅಂಗಡಿಗೆ ಬರುವವು ಲಾರಿಗಳು. ಸಿಮೆಂಟ್ ಹೊರುವವು, ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುವವು, ಸುಗ್ಗಿಯಲ್ಲಿ ತೊಗರಿ ಹೊತ್ತ ಟ್ರ್ಯಾಕ್ಟರುಗಳು. ನಾನು ಡೀಸೆಲ್ ಪಂಪಿನ ಮಿಸ್ತ್ರಿ. ಇಂಜಿನ್ನಿಗೆ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ ಹೋಗಬೇಕು ಎಂದು ಅಳೆದು ಕೊಡುವ ಪಂಪು ಅದು. ಆ ಸಣ್ಣ ಪೆಟ್ಟಿಗೆ ಕೆಟ್ಟರೆ ಹತ್ತು ಚಕ್ರದ ಲಾರಿಯೂ ನಿಂತಲ್ಲೇ ನಿಲ್ಲುತ್ತದೆ. ಈ ಕೆಲಸದಲ್ಲಿ ನನ್ನಷ್ಟು ಕೈ ಕುದುರಿದವನು ಸೇಡಂನಿಂದ ಶಹಾಬಾದಿನವರೆಗೆ ಇಲ್ಲ ಎಂದು ನಾನೇ ಹೇಳಿಕೊಂಡರೆ ಜಂಭ ಎನ್ನುತ್ತಾರೆ. ಜಂಭವೇ ಇರಲಿ, ಪಂಪು ಬಿಚ್ಚಿಕೊಂಡು ಬರುವುದಂತೂ ನನ್ನ ಹತ್ತಿರವೇ.

ಆದ್ದರಿಂದ ಶಹಾಬಾದಿನ ಒಂದು ಕಲ್ಲುಗಣಿ ಮಾಲೀಕರ ಮನೆಯಿಂದ ಕಾರಿನ ಪಂಪು ನೋಡಬೇಕೆಂದು ಕರೆ ಬಂದಾಗ ನಾನು ಮೂಗು ಮುರಿದೆ. ಈಗಿನ ಕಾರು ಎಂದರೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ನೋಡುವವರ ಕೆಲಸ. ಕರೆಯಲು ಬಂದವರು ಆ ಮನೆಯ ಹಳೆಯ ಡ್ರೈವರ್. ಎಪ್ಪತ್ತು ದಾಟಿದ ಮನುಷ್ಯ, ಚಿತ್ತಾಪುರದ ಕಡೆಯ ಕಾಗಿಣಾ ಹೊಳೆಯ ದಂಡೆಯವರು. ಸುತ್ತಲಿನ ಗ್ಯಾರೇಜಿನವರಿಗೆಲ್ಲ ಅವರು ಕಾಕಾ.

"ಅದು ಈಗಿನ ಕಾರಲ್ಲ ತಮ್ಮಾ," ಎಂದರು ಕಾಕಾ. "ಜರ್ಮನ್ ಗಾಡಿ. ನಿನ್ನ ಲಾರಿ ಪಂಪಿನಂಥಾದೇ ಪಂಪ್ ಅದ. ಒಮ್ಮಿ ನೋಡಿದ್ರ ನೀನೇ ಬಿಡಂಗಿಲ್ಲ."

ನೋಡಿದೆ, ಬಿಡಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರು ವರ್ಷದ ಧೂಳು ಹೊದ್ದು ನಿಂತಿತ್ತು. ಬೆಣ್ಣೆ ಬಣ್ಣ, ಬಾನೆಟ್ಟಿನ ತುದಿಯಲ್ಲಿ ಮೂರು ಮೊನೆಯ ನಕ್ಷತ್ರ. ನಲವತ್ತು ವರ್ಷಕ್ಕೂ ಹಿಂದೆ, ಸಿಮೆಂಟ್ ಕಾರ್ಖಾನೆಯ ಕುಲುಮೆ ಕಟ್ಟಲು ಬಂದಿದ್ದ ಜರ್ಮನ್ ಇಂಜಿನಿಯರ್ ಒಬ್ಬರು ತರಿಸಿಕೊಂಡ ಗಾಡಿಯಂತೆ. ಅವರು ತಮ್ಮ ದೇಶಕ್ಕೆ ಹೊರಟಾಗ ಗಣಿಯ ಸಾವ್ಕಾರರು ಕೊಂಡಿದ್ದರು. ಅಂದಿನಿಂದ ಅದರ ಸ್ಟಿಯರಿಂಗ್ ಹಿಡಿದ ಕೈ ಕಾಕಾನದೊಂದೇ. ನಾನು ಬಾಗಿಲು ತೆಗೆದು ಮುಚ್ಚಿದೆ. ಬಡಿಯುವ ಸದ್ದು ಬರಲಿಲ್ಲ, ಕಬ್ಬಿಣದ ತಿಜೋರಿ ಮುಚ್ಚಿದಂಥ ತುಂಬಿದ ಸದ್ದು ಬಂತು. ಆ ಸದ್ದು ಕೇಳಲೆಂದೇ ಮತ್ತೆರಡು ಸಲ ತೆಗೆದು ಮುಚ್ಚಿದೆ.

ಸಾವ್ಕಾರರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಹೆಂಡತಿ, ಎಲ್ಲರೂ ಅವ್ವಾರು ಎನ್ನುವವರು, ಪಡಸಾಲೆಯಲ್ಲಿ ಕೂರಿಸಿ ಮಾತು ಸ್ಪಷ್ಟ ಮಾಡಿದರು. "ಗಾಡಿ ಮಾರಿದಾಗ ಬಂದದ್ದೆಲ್ಲ ಡ್ರೈವರಗ ಸೇರಬೇಕು ಅಂತ ನಮ್ಮವ್ರು ಹೇಳಿ ಹೋಗ್ಯಾರ. ಮಕ್ಕಳೂ ಹೂಂ ಅಂದಾರ. ಹೈದರಾಬಾದದಾಗ ಇಂಥಾ ಗಾಡಿ ಕೂಡಿಸಿ ಇಡೋರು ಒಬ್ರು ಕೇಳ್ಯಾರ, ನೋಡ್ಲಿಕ್ಕ ಮಂದಿ ಕಳಸ್ತಾರಂತ. ಬಂದಾಗ ಗಾಡಿ ನಡೀಬೇಕು. ಗುಜರಿ ಮಾಡಿ ಕೊಡಬ್ಯಾಡ."

ಕಾಕಾ ಚಿತ್ತಾಪುರದಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆಗೆ ಇದ್ದ ಎರಡು ಖೋಲಿಯ ಮನೆ ಮಾರಾಟಕ್ಕೆ ಬಂದಿತ್ತು. ಮನೆಯ ಮಾಲೀಕರು ಎರಡು ತಿಂಗಳು ಕಾಯುತ್ತೇನೆ ಎಂದಿದ್ದರು. ಗಾಡಿಗೆ ಒಳ್ಳೆ ಬೆಲೆ ಬಂದರೆ ಆ ಮನೆ ಕಾಕಾನದು, ಇಲ್ಲದಿದ್ದರೆ ಇನ್ಯಾರದೋ. ಇದಿಷ್ಟೂ ನನಗೆ ಗೊತ್ತಿದ್ದೇ ಕೆಲಸ ಹಿಡಿದೆ.

ಲಾರಿಗೆ ಕಟ್ಟಿ ಗಾಡಿಯನ್ನು ವಾಡಿಗೆ ಎಳೆದು ತಂದೆವು. ಟ್ಯಾಂಕಿನ ಡೀಸೆಲ್ ಕಾಕಂಬಿಯ ಹಾಗೆ ಗಟ್ಟಿಯಾಗಿತ್ತು. ಪಂಪು ಇಳಿಸಿ ಮೇಜಿನ ಮೇಲಿಟ್ಟು ಬಿಚ್ಚಿದೆ. ನಾಲ್ಕು ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ನಾಲ್ಕು ಎಲಿಮೆಂಟು, ಸಾಲಾಗಿ, ನಮ್ಮ ಹಳೆ ಲಾರಿಯದೇ ವಂಶ. ಡೀಸೆಲ್ ಹೆಚ್ಚು ಕಡಿಮೆ ಮಾಡುವ ಒಳಗಿನ ಹಲ್ಲುಪಟ್ಟಿ ಅಂಟಿಕೊಂಡು ಅಲುಗಾಡುತ್ತಿರಲಿಲ್ಲ. ಎರಡು ದಿನ ಎಣ್ಣೆಯಲ್ಲಿ ನೆನೆಸಿಟ್ಟು, ಬೆರಳಲ್ಲೇ ಹಿಂದೆ ಮುಂದೆ ಆಡಿಸಿ ಬಿಡಿಸಿದೆ. ಸುತ್ತಿಗೆ ಮುಟ್ಟಲಿಲ್ಲ. ಮೂರನೆಯ ಎಲಿಮೆಂಟಿಗೆ ಗೀರು ಬಿದ್ದಿತ್ತು. ಲಾರಿಯದು ಕೂಡುತ್ತದೇನೋ ಎಂದು ನೋಡಿದರೆ ಕೂದಲೆಳೆಯಷ್ಟು ದಪ್ಪ. ಹೈದರಾಬಾದಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕ ಸರಿ ಅಳತೆಯದನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿದೆ. ನಾಲ್ಕು ನಾಜಲ್ಲುಗಳನ್ನು ಒಂದೇ ಒತ್ತಡಕ್ಕೆ ಬಾಯಿ ಬಿಡುವಂತೆ ಕೂರಿಸಿದೆ. ವಾಲ್ವುಗಳ ಸಂದು ಹೊಂದಿಸಲು ಎರಡು ಪಾನಾ ಸಾಕಾದವು. ಈ ಗಾಡಿ ಮಾಡಿದವರು, ಮುಂದೊಂದು ದಿನ ಯಾವನೋ ಮಿಸ್ತ್ರಿ ಇದನ್ನು ಬಿಚ್ಚುತ್ತಾನೆ, ಅವನ ಕೈ ಒಳಗೆ ಹೋಗಬೇಕು ಎಂದು ನೆನಪಿಟ್ಟುಕೊಂಡೇ ಮಾಡಿದ್ದಾರೆ. ಬೋಲ್ಟು ಇರುವಲ್ಲಿ ಪಾನಾ ತಿರುಗಲು ಜಾಗ ಇದೆ. ಈಗಿನ ಗಾಡಿಗಳಲ್ಲಿ ನನಗೆ ಈ ಮರ್ಯಾದೆ ಸಿಗುವುದಿಲ್ಲ.

ಹತ್ತನೆಯ ದಿನ ಎಲ್ಲ ಕೂರಿಸಿ, ಗಾಳಿ ತೆಗೆದು, ಹೀಟರ್ ಪ್ಲಗ್ಗಿನ ದೀಪ ಆರುವವರೆಗೆ ಕಾದು ಕೀಲಿ ತಿರುಗಿಸಿದೆ. ಮೂರು ಸಲ ಕೆಮ್ಮಿ ಬಿಳಿ ಹೊಗೆ ಉಗುಳಿತು. ನಾಲ್ಕನೆಯ ಸಲ ಹಿಡಿಯಿತು. ಅಂಗಡಿಯ ಮುಂದೆ ಕೂತಿದ್ದ ಲಾರಿ ಡ್ರೈವರುಗಳೆಲ್ಲ ಎದ್ದು ಬಂದರು. ನಾನು ಎದೆ ಉಬ್ಬಿಸಿ ಕೀಲಿ ತೆಗೆದೆ. ಇಂಜಿನ್ ನಿಲ್ಲಲಿಲ್ಲ. ಕೀಲಿ ಕೈಯಲ್ಲಿದೆ, ಗಾಡಿ ನಡೆಯುತ್ತಲೇ ಇದೆ. ಡ್ರೈವರುಗಳು ನಗತೊಡಗಿದರು, ನಾನು ಬೆವರತೊಡಗಿದೆ.

ಕಾಕಾ ಅವಸರವಿಲ್ಲದೆ ಬಂದು ಬಾನೆಟ್ಟಿನೊಳಗೆ ಕೈ ಹಾಕಿ ಒಂದು ಸಣ್ಣ ಕೆಂಪು ಹಿಡಿಯನ್ನು ಒತ್ತಿದರು. ಇಂಜಿನ್ ನಿಂತಿತು. "ಗಾಳಿ ಎಳದು ಬಂದ್ ಆಗೋ ಗಾಡಿ ಇದು. ರಬ್ಬರ್ ಪೈಪ್ ಎಲ್ಲೋ ಸೀಳಿರಬೇಕು. ಹಂಗಾದಾಗ ಇರ್ಲಿ ಅಂತ ಈ ಹಿಡಿ ಮೊದಲೇ ಇಟ್ಟಾರ ನೋಡು," ಎಂದರು. ಸೀಳಿದ ಪೈಪು ಹುಡುಕಿ ಬದಲಿಸಿದೆ. ನನಗಿಂತ ಗಾಡಿಯನ್ನು ಬಲ್ಲವರು ಪಕ್ಕದಲ್ಲೇ ಇದ್ದಾರೆ ಎಂದು ಅಂದು ಒಪ್ಪಿಕೊಂಡೆ.

ಇಲ್ಲಿಯವರೆಗೆ ಸರಿ. ಆಮೇಲೆ ಮಾಡಿದ ತಪ್ಪು ನಮ್ಮ ಕಡೆಯವರು ಮಾತ್ರ ಮಾಡುವಂಥದ್ದು. ಇಲ್ಲಿ ಗಾಡಿ ಮಾರುವುದೆಂದರೆ ಮದುವೆಯ ತಯಾರಿ. ಲಾರಿಯಾಗಲಿ ಮೂರು ಚಕ್ರದ ಟಂಟಂ ಆಗಲಿ, ಪೂರ್ತಿ ಬಣ್ಣ ಹೊಡೆಸಿ, ಹೊಸ ಸೀಟು ಕವರು ಹಾಕಿಸಿ, ಕನ್ನಡಿಗೆ ಗೊಂಡೆ ಕಟ್ಟಿ ನಿಲ್ಲಿಸದಿದ್ದರೆ ಕೊಳ್ಳುವವನು ಹತ್ತಿರ ಸುಳಿಯುವುದಿಲ್ಲ. ಆ ಲೆಕ್ಕದಲ್ಲೇ ನಾನು ಶಹಾಬಾದಿನಿಂದ ಪೇಂಟರನ್ನು ಕರೆಸಿದೆ. ಕಾಕಾ ಗೊಂಡೆ ತಂದಿಟ್ಟುಕೊಂಡರು. ಪರೀಕ್ಷೆಗೆ ಬರುವವರು ಬುಧವಾರ ಬರುತ್ತೇವೆ ಎಂದಿದ್ದರು. ಸೋಮವಾರ ಬೆಳಿಗ್ಗೆ ಪೇಂಟರ್ ಎಡಗಡೆಯ ಮುಂದಿನ ಮಡ್ಗಾರ್ಡು ಹಿಡಿದು, ಮಧ್ಯಾಹ್ನದ ಹೊತ್ತಿಗೆ ತಗಡು ಕಾಣುವವರೆಗೆ ತಿಕ್ಕಿ, ಬೂದು ಬಣ್ಣದ ಪ್ರೈಮರ್ ಹೊಡೆದು ಮುಗಿಸಿದ್ದ. ಬಾಗಿಲಿಗೆ ಉಪ್ಪುಕಾಗದ ಹಚ್ಚಬೇಕು ಎನ್ನುವಾಗ ಅಂಗಡಿಯ ಮುಂದೆ ಕಾರೊಂದು ನಿಂತಿತು. ಪೂರ್ತಿ ನಿಲ್ಲುವ ಮೊದಲೇ ಅದರಿಂದ ಒಬ್ಬರು ಇಳಿದು ಕೈ ಬೀಸುತ್ತ ಓಡಿ ಬಂದರು.

"ನಿಲ್ಲಸ್ರೀ! ಮುಟ್ಟಬ್ಯಾಡ್ರಿ!"

ಎರಡು ದಿನ ಮೊದಲೇ ಬಂದಿದ್ದ ಪರೀಕ್ಷಕರು ಅವರು. ಹೈದರಾಬಾದಿನ ಸಂಗ್ರಾಹಕರ ಪರವಾಗಿ ಹಳೆ ಗಾಡಿ ನೋಡಿ ಬೆಲೆ ಹೇಳುವುದು ಅವರ ಉದ್ಯೋಗ. ಮೂಲ ತಾಂಡೂರಿನ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೆಟ್ಟಿಗೆ.

"ಇದು ಕಾರ್ಖಾನಿಯಿಂದ ಹಚಗೊಂಡು ಬಂದ ಬಣ್ಣ ರೀ! ಯಾರ್ರಿ ತಿಕ್ಕು ಅಂದವ್ರು?" ಎಂದು ನನ್ನನ್ನೇ ಕೇಳಿದರು. ನಾನೇ ಎಂದೆ. "ಹೊಸಾ ಬಣ್ಣ ಯಾರ್ ಬೇಕಾದ್ರೂ ಹಚ್ತಾರ್ರಿ. ನಲವತ್ತು ವರ್ಷದ ಹಳೇ ಬಣ್ಣ ಯಾವ ಪೇಂಟರ್ ಹಚ್ತಾನ? ಗೀರು ಇರ್ಲಿ, ಮಾಸಿರ್ಲಿ, ಹುಟ್ಟಿದಾಗಿಂದ ಹಂಗೇ ಅದ ಅಂಬೋದಕ್ಕೇ ಮಂದಿ ರೊಕ್ಕ ಕೊಡೋದು."

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಇಂಜಿನ್ನಿನೊಳಗೆ ಸುತ್ತಿಗೆ ಮುಟ್ಟದವನು ಹೊರಗೆ ಉಪ್ಪುಕಾಗದ ಮುಟ್ಟಿಸಿದ್ದೆ. ಪೇಂಟರನ್ನು ಊಟಕ್ಕೆ ಕಳಿಸಿದೆ.

ಪರೀಕ್ಷಕರು ಪೆಟ್ಟಿಗೆಯಿಂದ ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ತೆಗೆದು ಉಳಿದ ಮೈಯೆಲ್ಲ ಮುಟ್ಟಿಸಿ ನೋಡಿದರು. ಎಲ್ಲೂ ಎರಡನೆಯ ಸಲ ಬಣ್ಣ ಬಿದ್ದಿರಲಿಲ್ಲ. ಇಂಜಿನ್ನಿನ ಮೇಲೆ ಕೊರೆದ ನಂಬರನ್ನೂ ಚಾಸಿಯ ನಂಬರನ್ನೂ ಗಾಡಿಯ ಜೊತೆ ಜರ್ಮನಿಯಿಂದ ಬಂದಿದ್ದ ಹಳದಿಯಾದ ಕಾಗದಕ್ಕೆ ಹೋಲಿಸಿದರು. ಎರಡೂ ಕೂಡಿದವು. ಅವರ ಮುಖ ಅರಳಿತು. ನಮ್ಮ ಕಡೆ ಇಂಥ ಗಾಡಿಗಳ ಇಂಜಿನ್ ಸುಸ್ತಾದರೆ ಕಿತ್ತು ಜೀಪಿನದೋ ಟೆಂಪೋದ್ದೋ ಕೂರಿಸಿ ಓಡಿಸುತ್ತಾರಂತೆ. ಅಲ್ಲಿಗೆ ಗಾಡಿ ಓಡುತ್ತದೆ, ಬೆಲೆ ಸಾಯುತ್ತದೆ. ಹುಟ್ಟಿದ ಇಂಜಿನ್ ಹುಟ್ಟಿದ ಮೈಯಲ್ಲೇ ಇರುವುದು ಅಪರೂಪ ಎಂದು ಅವರು ಹೇಳುತ್ತಿದ್ದರೆ, ಕಾಕಾ ಗಾಜು ಒರೆಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕೊನೆಗೆ ಅವರು ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಕೆಳಗೆ ಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಗಾಡಿಯ ತಳ ಬಡಿದರು. ದಬ್. ಮುಂದೆ ಸರಿದು ಬಡಿದರು. ದಬ್. ನಾಲ್ಕೂ ಕಡೆ ಅದೇ ಸದ್ದು. ಟಾರ್ಚು ಬಿಟ್ಟು ನೋಡಿದರು. ತಳದ ತುಂಬ ಬೆರಳು ದಪ್ಪದ, ಬೂದು ಬಣ್ಣದ, ಸಿಮೆಂಟು ಮೆತ್ತಿದಂಥ ಹೊಪ್ಪಳಿಕೆ.

"ತಳಾ ಎಲ್ಲಾ ಹೋಗ್ಯಾದ್ರಿ," ಎಂದು ಎದ್ದು ಕೈ ಒರೆಸಿಕೊಂಡರು. "ತುಕ್ಕು ತಿಂದ ಮ್ಯಾಲೆ ಸಿಮೆಂಟ್ ತುಂಬ್ಯಾರ. ಮಡ್ಗಾರ್ಡ್ ಬೋಲ್ಟ್ ಬಿಚ್ಚಿ ಬದಲಿ ಮಾಡಬಹುದು, ತಳಾ ಹೆಂಗ ಮಾಡ್ತೀರಿ? ಬಿಡಿ ಸಾಮಾನಿನ ಬೆಲಿಗೆ ತಗೋತೀವಿ. ಇದನ್ನ ನೋಡಿಕೊಂಡವ್ರು ಗಾಡಿ ಕೊಂದಾರ್ರಿ, ಖರೆ ಹೇಳ್ತೀನಿ."

ಕಾಕಾನ ಕೈಯ ಬಟ್ಟೆ ಗಾಜಿನ ಮೇಲೆ ನಿಂತಿತು. "ನಾನೇ ನೋಡಿಕೊಂಡೋನು," ಎಂದರು. "ಸಿಮೆಂಟ್ ತುಂಬಿಲ್ರಿ. ಸುಟ್ಟ ಆಯಿಲ್ ಹಚ್ಚೀನಿ. ಮಳಿಗಾಲಕ್ಕ ಮೊದಲು ಒಮ್ಮಿ, ದೀಪಾವಳಿಗಿ ಒಮ್ಮಿ. ಒಂದು ವರ್ಷನೂ ತಪ್ಪಿಸಿಲ್ರಿ."

"ಮತ್ತ ಆ ದಬ್ ಅಂಬೋ ಸಪ್ಪಳ?"

ಕಾಕಾ ಕೈಯ ಬಟ್ಟೆಯನ್ನು ಮಡಚಿ ಬಾನೆಟ್ಟಿನ ಮೇಲಿಟ್ಟರು. ಪರೀಕ್ಷಕರು ಹೇಳಿದ ಬೆಲೆಗೆ ಚಿತ್ತಾಪುರದ ಮನೆಯ ಒಂದು ಖೋಲಿಯೂ ಬರುವಂತಿರಲಿಲ್ಲ. ಆದರೂ ಕಾಕಾ ನನ್ನ ಕಡೆ ತಿರುಗಿ, "ಕೊಟ್ಟು ಬಿಡು ತಮ್ಮಾ, ಎಷ್ಟು ಬರ್ತದೋ ಅಷ್ಟು," ಎಂದರು. ಮನೆ ಹೋಯಿತೆಂಬ ದುಃಖ ಆ ದನಿಯಲ್ಲಿರಲಿಲ್ಲ. ಇದ್ದದ್ದು ನಾಚಿಕೆ. ಒಂದು ಆಯುಷ್ಯ ನೋಡಿಕೊಂಡ ಗಾಡಿಯನ್ನು ತಾನೇ ಕೊಂದೆನೇ ಎಂಬ ನಾಚಿಕೆ.

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನ ಕಲ್ಲಿನ ನಡುವೆ. ಫರಸಿ ಕೊಳ್ಳುವಾಗ ನಮ್ಮಲ್ಲಿ ಯಾರೂ ಕಣ್ಣಿನಿಂದ ಕೊಳ್ಳುವುದಿಲ್ಲ, ಬೆರಳು ಮಡಚಿ ಬಡಿದು ಕೊಳ್ಳುತ್ತಾರೆ. ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಒಳಗೆ ಸೀಳಿದ್ದು ದಬ್ ಎನ್ನುತ್ತದೆ. ಆದರೆ ಒದ್ದೆ ಮಣ್ಣಿನ ಮೇಲೆ ಮಲಗಿಸಿದರೆ ಎಂಥ ಗಟ್ಟಿ ಕಲ್ಲೂ ದಬ್ ಎಂದೇ ಅನ್ನುತ್ತದೆ. ಎತ್ತಿ ನಿಲ್ಲಿಸಿ ಬಡಿಯಬೇಕು. ಇದು ಇಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷಕರು ಕೇಳಿದ್ದು ತಗಡಿನ ಸದ್ದೋ, ಅದಕ್ಕೆ ಅಂಟಿದ್ದರ ಸದ್ದೋ?

"ಹದಿನೈದು ದಿನ ಕೊಡ್ರಿ," ಎಂದೆ. "ಪೂರಾ ಕೆರದು ತೋರಸ್ತೀನಿ."

"ಕೆರದು ತೂತು ಬಿದ್ರ ಬಿಡಿ ಸಾಮಾನಿನ ಬೆಲಿನೂ ಬರಂಗಿಲ್ಲ ನೋಡ್ರಿ," ಎಂದರು ಪರೀಕ್ಷಕರು. "ಈಗ ಹೇಳಿದ ಬೆಲಿ ಈಗಷ್ಟೇ."

ಅಂದರೆ ನಾನು ಪಣಕ್ಕೆ ಇಡಬೇಕಾಗಿದ್ದದ್ದು ನನ್ನದಲ್ಲ, ಕಾಕಾನದು. ಅವರನ್ನು ಪಕ್ಕಕ್ಕೆ ಕರೆದು, ನೀವು ಹೂಂ ಅಂದರೆ ಮಾತ್ರ ಕೆರೆಯುತ್ತೇನೆ ಎಂದೆ. ಅವರು ಬಗ್ಗಿ ಗಾಡಿಯ ತಳ ನೋಡಿದರು.

"ಕೆರಿ," ಎಂದರು. "ನಾ ಕೊಂದೀನೋ ಇಲ್ಲೋ, ನನಗೂ ಗೊತ್ತಾಗ್ಲಿ."

ಮರುದಿನ ಗಾಡಿಯನ್ನು ಲಾರಿಗಳ ತಳ ನೋಡಲು ತೋಡಿಸಿದ ಗುಂಡಿಯ ಮೇಲೆ ನಿಲ್ಲಿಸಿ ನಾನು ಕೆಳಗಿಳಿದೆ. ಮೊದಲು ತಲೆಗೆ ಬಂದದ್ದು ನೀರಿನ ಪ್ರೆಷರ್. ಆದರೆ ಹೊಪ್ಪಳಿಕೆಯಲ್ಲಿ ಸಿಮೆಂಟಿನ ಧೂಳಿತ್ತು, ನೀರು ಬಿದ್ದರೆ ಇನ್ನಷ್ಟು ಬಿಗಿಯುತ್ತಿತ್ತು. ಉಳಿ ಹಿಡಿದರೆ, ಒಳಗೇನಾದರೂ ಕಾರ್ಖಾನೆಯ ಲೇಪ ಉಳಿದಿದ್ದರೆ ಅದಕ್ಕೆ ಗೀರು. ತಂತಿ ಬ್ರಷ್ಷಿನ ಗ್ರೈಂಡರ್ ಹಚ್ಚಿದರೆ ಲೇಪ ಸುಟ್ಟೇ ಹೋಗುತ್ತದೆ. ಮಡ್ಗಾರ್ಡಿನ ಪಾಠ ಇನ್ನೂ ಹಸಿಯಾಗಿತ್ತು. ಜಾಲಿ ಕಟ್ಟಿಗೆಯ ಬೆಣೆಗಳನ್ನು ಕೆತ್ತಿಸಿಕೊಂಡೆ. ಡೀಸೆಲ್ಲಿನಲ್ಲಿ ತೋಯಿಸಿದ ಗೋಣಿ ಚೀಲವನ್ನು ತಳಕ್ಕೆ ಒತ್ತಿ ಕಟ್ಟಿ, ನೆನೆದ ಮೇಲೆ ಬೆಣೆಯಿಂದ ಕೆರೆಯುವುದು. ಮೊದಲ ದಿನವೆಲ್ಲ ಕೆರೆದರೂ ಅಂಗೈಯಗಲ ಮೇಲ್ಪದರ ಎದ್ದಿತೇ ಹೊರತು ತಗಡು ಮುಟ್ಟಲಿಲ್ಲ. ಎರಡನೆಯ ದಿನವೂ ಅಷ್ಟೇ. ಪಂಪು ಹಿಡಿದುಕೊಂಡು ಬಂದ ಲಾರಿ ಮಾಲೀಕರು ಗುಂಡಿಯ ಮೇಲಿಂದ ಬಗ್ಗಿ ನೋಡಿ, ಮಿಸ್ತ್ರಿಗೆ ತಲೆ ಕೆಟ್ಟಿದೆ ಎಂದು ಹೋದರು. ಒಬ್ಬರು ಇವತ್ತಿಗೂ ನನ್ನ ಅಂಗಡಿಗೆ ಬಂದಿಲ್ಲ.

ಮೂರನೆಯ ದಿನ ಕಾಕಾ ಧೋತರ ಎತ್ತಿ ಕಟ್ಟಿ ತಾವೂ ಗುಂಡಿಗಿಳಿದರು. ಬೇಡವೆಂದರೂ ಕೇಳಲಿಲ್ಲ. ಅಂದು ಒಂದು ಚೂರು ಬಿಸ್ಕೀಟಿನ ಹಾಗೆ ಪದರ ಪದರವಾಗಿ ಬಿಚ್ಚಿ ಕೈಗೆ ಬಂತು. ಅದನ್ನು ಬಿಸಿಲಿಗೆ ಹಿಡಿದು ನೋಡಿದೆವು. ಬಿಳಿ, ನೀಲಿಗಪ್ಪು, ಕಪ್ಪು, ಕೆಂಪು, ಮತ್ತೆ ಬಿಳಿ. ನಡುನಡುವೆ ಎಣ್ಣೆಯ ಕರಿಗೆರೆ.

"ಈ ಬಿಳಿದು ವಾಡಿ ಸಿಮೆಂಟ್," ಎಂದರು ಕಾಕಾ, ಉಗುರಿನಿಂದ ಪದರ ತೋರಿಸುತ್ತ. "ಇದು ಶಹಾಬಾದ್ ಗಣಿ ಪುಡಿ. ಇದು ಸೇಡಂ ಕಡಿ ಎರಿ ಮಣ್ಣು. ಈ ಕೆಂಪು ಚಿಂಚೋಳಿದು, ಸಾವ್ಕಾರು ಅಡವಿ ಕಡಿ ಜಾಗಾ ನೋಡ್ಲಿಕ್ಕ ಹೋಗ್ತಿದ್ರು, ಆವಾಗಿಂದು." ಅವರ ದನಿಗೆ ಮೊದಲ ಸಲ ಜೀವ ಬಂದಿತ್ತು. ಅಷ್ಟು ವರ್ಷ ಅವರು ಓಡಿಸಿದ ರಸ್ತೆಗಳೆಲ್ಲ ಆ ಚೂರಿನಲ್ಲಿದ್ದವು. ಕೊನೆಯ ಕರಿಗೆರೆಯ ಕೆಳಗೆ ಏನಿದೆ ಎಂದು ನಾನು ಗುಂಡಿಯೊಳಗೆ ಟಾರ್ಚು ಬಿಟ್ಟೆ. ಚೂರು ಬಿಚ್ಚಿದ ಜಾಗದಲ್ಲಿ ಕಾರ್ಖಾನೆಯ ಲೇಪ, ಕಾಳುಕಾಳಾಗಿ, ಹೊಚ್ಚ ಹೊಸದರಂತೆ ಮಿಂಚುತ್ತಿತ್ತು.

ಆಗ ಕೆಲಸದ ಗುಟ್ಟು ಹೊಳೆಯಿತು. ಕಾಕಾ ಪ್ರತಿ ಸಲವೂ ತಳವನ್ನು ಒಣಬಟ್ಟೆಯಲ್ಲಿ ಒರೆಸಿ ಆಮೇಲೆ ಎಣ್ಣೆ ಹಚ್ಚಿದ್ದರು. ಎಣ್ಣೆ ಮೊದಲು ಕೂತಿತು, ಧೂಳು ಅದರ ಮೇಲೆ ಕೂತಿತು. ತಗಡಿನ ತನಕ ನೀರು ಒಂದು ಹನಿಯೂ ಹೋಗಿರಲಿಲ್ಲ. ನಮ್ಮೂರಿನ ಯಾವ ಧೂಳನ್ನು ಎಲ್ಲರೂ ಬೈಯುತ್ತೇವೋ ಅದೇ ಧೂಳು ಗಾಡಿಗೆ ಕವಚವಾಗಿ ನಿಂತಿತ್ತು. ಇದನ್ನು ಹೇಳಿದಾಗ ಕಾಕಾ ಹೂಂ ಎನ್ನಲಿಲ್ಲ. "ಪೂರಾ ಆಗ್ಲಿ, ಆಮ್ಯಾಲ ಮಾತಾಡು," ಎಂದರು.

ಅವರು ಹೇಳಿದ್ದೇ ಸರಿಯಾಯಿತು. ಒಂಬತ್ತನೆಯ ದಿನ ಬಲಗಡೆಯ ಹಿಂದಿನ ಸೀಟಿನ ಕೆಳಗೆ ಕೆರೆಯುತ್ತಿದ್ದಾಗ ನನ್ನ ಬೆಣೆ ಪಕ್ಕನೆ ಒಳಕ್ಕೆ ಹೋಯಿತು. ತೂತು. ರೂಪಾಯಿ ನಾಣ್ಯದಷ್ಟು. ಕಾಕಾ ನೋಡಿ ಗುಂಡಿಯ ಮೆಟ್ಟಿಲಿನ ಮೇಲೆ ಕುಸಿದು ಕೂತರು. ಒಂದು ತೂತು ಎಂದರೆ ಪರೀಕ್ಷಕರ ಮಾತಿಗೆ ಸಾಕ್ಷಿ. ನಾನು ಬೆರಳು ಹಾಕಿ ಅಂಚನ್ನು ಸವರಿದೆ. ಅಂಚು ನುಣುಪಾಗಿತ್ತು, ಗುಂಡಗಿತ್ತು, ಒಳಕ್ಕೆ ಮಡಚಿತ್ತು.

"ಕಾಕಾ, ತುಕ್ಕು ಇಷ್ಟು ಗುಂಡಗ ತಿಂತದೇನ್ರಿ?" ಎಂದೆ.

ಕಾಕಾ ಎದ್ದು ಬಂದು ತಾವೂ ಬೆರಳು ಹಾಕಿದರು. ನೀರು ಬಸಿದು ಹೋಗಲೆಂದು ಕಾರ್ಖಾನೆಯವರೇ ಕೊರೆದ ತೂತು ಅದು. ಅದರ ರಬ್ಬರ್ ಬಿರಡೆ ಎಂದೋ ಬಿದ್ದುಹೋಗಿತ್ತು. ಎಡಗಡೆ ಅದೇ ಜಾಗದಲ್ಲಿ ಕೆರೆದರೆ ಇನ್ನೊಂದು ತೂತು, ಬಿರಡೆಯ ಸಮೇತ. ಕಾಕಾ ಹಣೆಯ ಬೆವರು ಒರೆಸಿಕೊಂಡು ಚಹಾ ತರಿಸಿದರು.

ಹದಿಮೂರನೆಯ ದಿನ ಸಂಜೆಯೊಳಗೆ ತಳ ಪೂರ್ತಿ ತೆರೆದಿತ್ತು. ಡ್ರೈವರ್ ಸೀಟಿನ ಕೆಳಗೆ ಗೇಣಗಲ ಮಾತ್ರ ಹೊಪ್ಪಳಿಕೆಯನ್ನು ಬೇಕೆಂದೇ ಹಾಗೆಯೇ ಬಿಟ್ಟೆ. ಪೇಂಟರ್ ಬಂದು, ಮಡ್ಗಾರ್ಡಿಗೆ ಹಳೆ ಬಣ್ಣವನ್ನೇ ಕಲೆಸಿ, ಮೇಲೆ ಮಾಸಿದಂತೆ ಮಾಡಿ ಕೊಡುತ್ತೇನೆ, ಯಾವನಿಗೂ ತಿಳಿಯುವುದಿಲ್ಲ ಎಂದ. ಅವನು ಹೇಳಿದಂತೆ ಮಾಡಬಲ್ಲ ಎಂಬುದೂ ನನಗೆ ಗೊತ್ತಿತ್ತು. ಬೇಡ ಎಂದೆ. ತಳದಲ್ಲಿ ಮುಚ್ಚಿದ್ದನ್ನೆಲ್ಲ ತೆರೆದು ತೋರಿಸುವವನು ಮೇಲೆ ಒಂದನ್ನು ಮುಚ್ಚಿಟ್ಟರೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಮಡ್ಗಾರ್ಡು ಬೂದು ಬಣ್ಣದಲ್ಲೇ ಉಳಿಯಿತು.

ಪರೀಕ್ಷಕರು ಹೇಳಿದ ದಿನಕ್ಕೇ ಬಂದರು, ಅಂಥದೇ ಬಿಳಿ ಅಂಗಿಯಲ್ಲಿ. ಗಾಡಿ ಗುಂಡಿಯ ಮೇಲಿತ್ತು. ಕಾಕಾ ಅಂಗಡಿಯ ಹೊರಗೆ ರಸ್ತೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಪರೀಕ್ಷಕರು ಗುಂಡಿಯ ಜಿಡ್ಡು ಮೆಟ್ಟಿಲುಗಳನ್ನು ನೋಡಿ ಒಂದು ಗಳಿಗೆ ಅನುಮಾನಿಸಿ, ತೋಳು ಮಡಚಿ ಇಳಿದರು. ಟಾರ್ಚು ಬಿಟ್ಟರು. ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯಿಂದ ಬಡಿದರು.

ಟಣ್.

ಹೊರಗೆ ಕಾಕಾನ ಬೆನ್ನು ನೆಟ್ಟಗಾದದ್ದು ನನಗೆ ಕಾಣಿಸಿತು. ಪರೀಕ್ಷಕರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಡಿಯುತ್ತ ಹೋದರು. ಟಣ್. ಟಣ್. ಪ್ರತಿ ಬಡಿತಕ್ಕೂ ಸ್ಟೂಲಿನ ಮೇಲಿನ ತಲೆ ಒಂದಿಷ್ಟು ಅಲುಗುತ್ತಿತ್ತು. ಡ್ರೈವರ್ ಸೀಟಿನ ಕೆಳಗೆ ಬಂದಾಗ ದಬ್ ಎಂದಿತು. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಬೆಣೆ ಕೊಟ್ಟೆ. "ಅದು ನಿಮಗಂತ ಬಿಟ್ಟೀನ್ರಿ. ಡೀಸೆಲ್ ಹಚ್ಚಿ ನೆನಸೀನಿ. ನೀವೇ ಕೆರೀರಿ."

ಅವರು ಕೆರೆದರು. ಪದರ ಎದ್ದಿತು. ಬಿಳಿ, ನೀಲಿಗಪ್ಪು, ಕಪ್ಪು, ಕೆಂಪು. ಕೆಳಗೆ ಲೇಪ. ಬಡಿದರು, ಟಣ್ ಎಂದಿತು. ಗುಂಡಿಯಿಂದ ಮೇಲೆ ಬಂದವರು ಮಡ್ಗಾರ್ಡಿನ ಮುಂದೆ ನಿಂತು,

"ಇದಕ್ಯಾಕ ಬಣ್ಣ ಹಚ್ಚಲಿಲ್ರಿ?" ಎಂದು ಕೇಳಿದರು.

"ತಪ್ಪು ನಂದು. ಕಾಣ್ಲಿ ಅಂತ ಬಿಟ್ಟೀನ್ರಿ," ಎಂದೆ.

ಅವರು ನಕ್ಕು, ಬರೆದುಕೊಂಡರು. ಆಮೇಲೆ ನೇರ ಹೊರಗೆ ಕಾಕಾನ ಮುಂದೆ ಹೋಗಿ ನಿಂತರು. "ಕಾಕಾ, ಅವತ್ತು ನಾ ತಪ್ಪು ಮಾತಾಡೀನ್ರಿ. ಇಂಥಾ ತಳಾ ಇಪ್ಪತ್ತು ವರ್ಷದಾಗ ನಾ ನೋಡಿಲ್ಲ. ನೀವು ಕೊಂದಿಲ್ಲ, ನೀವೇ ಉಳಸೀರಿ." ಮಡ್ಗಾರ್ಡಿನದು ಕಳೆದೂ ಅವರು ಹೇಳಿದ ಬೆಲೆ ಮೊದಲಿನದರ ಮೂರು ಪಟ್ಟು ದಾಟಿತ್ತು. ಎರಡೂ ಖೋಲಿ ಬಂದವು. ಬೆಲೆ ಕೇಳಿ ಕಾಕಾ ತಲೆಯಾಡಿಸಿದರು ಅಷ್ಟೇ. ನೀವೇ ಉಳಸೀರಿ ಎಂದ ಮಾತಿಗೆ ಮಾತ್ರ ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ. ನನಗೆ ಆ ಹೊತ್ತು ಆದಷ್ಟು ಹೆಮ್ಮೆ ನನ್ನ ಸ್ವಂತ ಕೆಲಸಕ್ಕೂ ಎಂದೂ ಆಗಿಲ್ಲ.

ಗಾಡಿಯನ್ನು ಅಂದೇ ಒಯ್ಯುವುದಾಗಿತ್ತು. ಕಾಕಾ ಬಿಡಲಿಲ್ಲ. "ಕೆರದು ಬತ್ಲಿ ಮಾಡೀವಿ. ಹಿಂಗೇ ಕಳಸ್ಲಿಕ್ಕ ಆಗಂಗಿಲ್ಲ," ಎಂದು ನನ್ನ ಅಂಗಡಿಯ ಸುಟ್ಟ ಆಯಿಲ್ ಡಬ್ಬಿ ಮತ್ತು ಬ್ರಷ್ ಹಿಡಿದು ಗುಂಡಿಗಿಳಿದರು. ಪರೀಕ್ಷಕರು ನೋಡಬೇಕೆಂದು ಹಿಂದೆಯೇ ಇಳಿದರು. ಹೇಗೆ ಒರೆಸಬೇಕು, ಬ್ರಷ್ಷಿಗೆ ಎಷ್ಟು ಎಣ್ಣೆ ಹಿಡಿಸಬೇಕು, ಸೈಲೆನ್ಸರಿನ ಹತ್ತಿರ ಯಾಕೆ ಹಚ್ಚಬಾರದು ಎಂದು ಕಾಕಾ ಹೇಳುತ್ತ ಹೋದರು, ಅವರು ಕೇಳುತ್ತ ಹೋದರು. ನಡುವೆ ಕರಿಯ ಹನಿಯೊಂದು ಬಿಳಿ ಅಂಗಿಯ ಎದೆಯ ಮೇಲೆ ಬಿತ್ತು. ಕಾಕಾ ಗಾಬರಿಯಾದರು.

"ಇರ್ಲಿ ಬಿಡ್ರಿ ಕಾಕಾ," ಎಂದರು ಪರೀಕ್ಷಕರು. "ಈ ಅಂಗಿಗಿ ಇನ್ನ ತುಕ್ಕು ಹಿಡಿಯಂಗಿಲ್ಲ."

ಏರು ರಸ್ತೆಯಲ್ಲೂ ಒಮ್ಮೆ ನೋಡಬೇಕೆಂದು ಅವರು ಹೈದರಾಬಾದಿಗೆ ಚಿಂಚೋಳಿಯ ಮೇಲೆ ಹೋಗಲು ತೀರ್ಮಾನಿಸಿದರು. ಅಲ್ಲಿಯ ತನಕ ಕಾಕಾ ಓಡಿಸಿದರು, ಪಕ್ಕದಲ್ಲಿ ಪರೀಕ್ಷಕರು, ಹಿಂದೆ ನಾನು. ಚಿತ್ತಾಪುರದಲ್ಲಿ ತಮ್ಮ ಮನೆಯ ಓಣಿಯ ಬಾಯಿಗೆ ಬಂದಾಗ ಗಾಡಿ ನಿಧಾನ ಮಾಡಿ ಒಂದೇ ಸಲ ಹಾರ್ನ್ ಒತ್ತಿದರು. "ನಮ್ಮಾಕಿಗಿ ಗೊತ್ತಾಗ್ತದ," ಎಂದರು. ಸೇಡಂ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ಗಾಡಿ ಒಂದೇ ಲಯದಲ್ಲಿ ಓಡಿತು. ನನ್ನ ಪಂಪು ಒಂದು ಸಲವೂ ತಡವರಿಸಲಿಲ್ಲ. ಚಿಂಚೋಳಿಯ ಏರಿನಲ್ಲಿ ಮೂರನೆಯ ಗೇರಿನಲ್ಲೇ ಹೊಗೆ ಬಿಡದೆ ಹತ್ತಿತು. ಪರೀಕ್ಷಕರು ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದರು. ನಾನು ಗೊತ್ತಿದ್ದದ್ದೇ ಎಂಬಂತೆ ಕಿಟಕಿಯ ಹೊರಗೆ ನೋಡಿದೆ.

ಏರು ಮುಗಿದಲ್ಲಿ ಕಾಕಾ ಗಾಡಿ ನಿಲ್ಲಿಸಿ ಇಳಿದರು. ಬಾಗಿಲು ಹಾಕಿದರು, ಅದೇ ತುಂಬಿದ ಸದ್ದು. ಪರೀಕ್ಷಕರು ಸ್ಟಿಯರಿಂಗ್ ಹಿಡಿದರು. "ಮಳಿಗಾಲಕ್ಕ ಮೊದಲು ಒಮ್ಮಿ, ದೀಪಾವಳಿಗಿ ಒಮ್ಮಿ," ಎಂದು ಕಾಕಾ ಕಿಟಕಿಯಲ್ಲಿ ಬಗ್ಗಿ ಹೇಳಿದರು. ಅವರು ಹೂಂ ಎಂದು ಕೈ ಎತ್ತಿದರು, ಗಾಡಿ ಹೊರಟಿತು.

ನಾವಿಬ್ಬರೂ ವಾಪಸು ಬಸ್ಸು ಹಿಡಿಯಬೇಕಿತ್ತು. ಆದರೆ ಕಾಕಾ ಕದಲಲಿಲ್ಲ. ತಿರುವಿನಲ್ಲಿ ಗಾಡಿ ಮರೆಯಾದ ಮೇಲೂ ಕಿವಿ ಗೇರು ಬದಲಾಗುವ ಸದ್ದಿನ ಕಡೆಗೇ ಇತ್ತು.

"ಎರಡು," ಎಂದರು. ಸ್ವಲ್ಪ ತಡೆದು, "ಮೂರು." ಆಮೇಲೆ ಮುಖ ಸಿಂಡರಿಸಿದರು. "ನಾಕಕ್ಕ ಅವಸರ ಮಾಡಿದ."

ಸದ್ದು ಪೂರ್ತಿ ಅಡಗುವವರೆಗೆ ನಿಂತರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಬಸ್ ನಿಲ್ದಾಣದ ಕಡೆ ತಿರುಗಿಸಿದರು.

"ಕಲೀತಾನ ಬಿಡು," ಎಂದರು.